ಅಡ್ಡಪಟ್ಟಿಯ ಗೆಲುವು

ಹದಿನೈದು ವರ್ಷ ದೇಶದೇಶಗಳ ಕ್ರೀಡಾಕೂಟಗಳಲ್ಲಿ ಗಳ ಊರಿ ಎತ್ತರ ಜಿಗಿದ ದೇಚಮ್ಮನಿಗೆ ಅದು ಕಡೆಯ ಪಂದ್ಯ. ಎದುರಾಳಿಗಳೆಲ್ಲ ಸೋತು ಚಿನ್ನ ಆಗಲೇ ಅವಳದಾಗಿತ್ತು. ಆದರೂ ಅವಳು, "ಅಡ್ಡಪಟ್ಟಿಯನ್ನು ಇನ್ನೂ ನಾಲ್ಕು ಬೆರಳು ಏರಿಸಿ" ಎಂದಳು. ಮೂರು ಸಲ ಜಿಗಿದಳು. ಮೂರು ಸಲವೂ ಪಟ್ಟಿ ಬಿತ್ತು.

ಬಿದ್ದಲ್ಲಿಂದಲೇ ಪಟ್ಟಿ ಅವಳ ಗಳಕ್ಕೆ ಹೇಳಿತು: "ನೋಡಿದೆಯಾ? ಚಿನ್ನ ಗೆದ್ದವಳೂ ಕಡೆಗೆ ನನ್ನೆದುರು ಸೋತೇ ಮನೆಗೆ ಹೋಗಬೇಕು."

ಗಳಕ್ಕೆ ಸಂಕಟವಾಯಿತು. "ನಿಜ. ಆದರೆ ಅದಕ್ಕೂ ಕೆಳಗಿನ ಎತ್ತರಗಳನ್ನೆಲ್ಲ ಅವಳು ದಾಟಿದ್ದಕ್ಕೇ ಅಲ್ಲವೇ ನಿನ್ನನ್ನು ಅಷ್ಟೆತ್ತರಕ್ಕೆ ಏರಿಸಿದ್ದು?" ಎಂದಿತು.

ಪಟ್ಟಿ ನಕ್ಕುಬಿಟ್ಟಿತು.

ಮರುದಿನ ಹೊಸಬರ ಅಭ್ಯಾಸಕ್ಕೆಂದು ಅದನ್ನು ಆಳೆತ್ತರಕ್ಕೆ ಇಳಿಸಿದರು. ಯಾರೂ ದಾಟಲಿಲ್ಲ. ಎಲ್ಲರನ್ನೂ ಸೋಲಿಸಿದ ಪಟ್ಟಿ ಸಂಜೆಯವರೆಗೂ ಅಲ್ಲೇ ಉಳಿಯಿತು, ಒಂದು ಬೆರಳೂ ಮೇಲೇರದೆ.