ಕೆರೆ ನನ್ನದೆಂದ ನರಿ

ಒಂದು ಕಾಡಿನಲ್ಲಿ ಒಂದು ಕೆರೆಯಿತ್ತು. ಎಂಥಾ ಕೆರೆ ಅಂತೀರಿ! ಈ ದಡದಲ್ಲಿ ಕಪ್ಪೆ ‘ವಟರ್’ ಎಂದರೆ, ಆ ದನಿ ಆಚೆ ದಡ ಮುಟ್ಟುವಷ್ಟರಲ್ಲಿ ಕಪ್ಪೆಗೆ ಮೊಮ್ಮಕ್ಕಳಾಗಿರುತ್ತಿದ್ದವು. ನಂಬಿಕೆ ಬರದಿದ್ದರೆ ಆ ಮೊಮ್ಮಕ್ಕಳನ್ನೇ ಕೇಳಿ.

ಕೆರೆಯಂಚಿನಲ್ಲಿ ಬಗೆಬಗೆಯ ಸೊಪ್ಪು ಬೆಳೆದಿತ್ತು. ಯಾರೂ ಮೂಸುತ್ತಿರಲಿಲ್ಲ. “ಥೂ, ಕೆಸರಿನ ಕಳೆ!” ಎಂದು ಎಲ್ಲ ಪ್ರಾಣಿಗಳೂ ಮೂಗು ಮುರಿಯುತ್ತಿದ್ದವು.

ಆ ಕಾಡಿನ ಮೊಲಕ್ಕೆ ಒಂದೇ ಮರಿ. ಜ್ವರ ಬಂದು ಹೋದ ಮೇಲೆ ಮರಿಗೆ ಬಾಯಿರುಚಿಯೇ ಇಲ್ಲ. ಎಷ್ಟು ಸೊರಗಿತ್ತೆಂದರೆ, ಪಕ್ಕದಲ್ಲಿ ಇರುವೆ ಸೀನಿದರೂ ಮಗುಚಿ ಬೀಳುತ್ತಿತ್ತು. ಮೊಲ ಅಳುತ್ತಾ ನೀರುಕೋಳಿ ಅಜ್ಜಿಯ ಬಳಿ ಓಡಿತು.

“ಅಳಬೇಡವೇ ತಾಯಿ, ಕೆರೆಯಂಚೇ ನಮ್ಮ ಅಡುಗೆಮನೆ” ಎಂದಿತು ಅಜ್ಜಿ. “ಒಂದೆಲಗ, ಹೊನಗೊನ್ನೆ ಗುರುತು ಹಿಡಿದು ಕೀಳು. ಊರಿನ ಕೊಳಕು ನೀರು ಬಂದು ಸೇರುವ ಮೂಲೆಯದು ಮಾತ್ರ ಬೇಡ. ಚೆನ್ನಾಗಿ ತೊಳಿ. ಕೆಸುವಿನೆಲೆಯನ್ನಂತೂ ಹುಣಸೆಹುಳಿ ಹಾಕಿ ಮೆತ್ತಗೆ ಬೇಯಿಸದೆ ಬಾಯಿಗಿಡಬೇಡ.”

ಒಂದೆಲಗದ ತಂಬುಳಿ ನೆಕ್ಕಿ ಮರಿ ಕಣ್ಣರಳಿಸಿತು. ಹೊನಗೊನ್ನೆ ಪಲ್ಯ ತಿಂದು ಎದ್ದು ಕೂತಿತು. “ಅಮ್ಮಾ, ನಾಳೆಯೂ ಬೇಕು!” ಎಂದಿತು.

ಮಾರನೆಯ ಬೆಳಗ್ಗೆ ಮೊಲ ಕೆರೆಗೆ ಬಂದರೆ, ದಡದಲ್ಲಿ ನರಿ ಕಾಲ ಮೇಲೆ ಕಾಲು ಹಾಕಿ ಕೂತಿದೆ! ಸೊಪ್ಪಿನ ಸುದ್ದಿ ಅದರ ಕಿವಿಗೂ ಬಿದ್ದಿತ್ತು. ಸೊಪ್ಪಿಗೆಂದು ಬಂದ ಜಿಂಕೆ, ಮುಳ್ಳುಹಂದಿಗಳು ಪೆಚ್ಚಾಗಿ ನಿಂತಿದ್ದವು.

“ನಿಲ್ಲು! ಈ ಕೆರೆ ನನ್ನದು. ಸೊಪ್ಪು ಬೇಕೇ? ಏಡಿ ಹಿಡಿದು ತಾ.”

“ನರಿಯಣ್ಣ, ಮರಿ ಹಸಿದಿದೆ. ಏಡಿ ಹಿಡಿಯೋಕೆ ನನಗೆಲ್ಲಿ ಬರುತ್ತೆ?”

“ಹಾಗಾದರೆ ಹಸಿದೇ ಇರಲಿ. ಸೊಪ್ಪಿನ ಪಂಡಿತ ನಾನು. ಎಲ್ಲರೂ ನೋಡಿ ಕಲಿಯಿರಿ!” ಎಂದು ನರಿ ಎಲ್ಲಕ್ಕಿಂತ ದೊಡ್ಡ ಕೆಸುವಿನೆಲೆ ಕಿತ್ತಿತು.

“ಅಯ್ಯೋ ಅಣ್ಣ, ಹಸಿ ಕೆಸು ಬೇಡ! ಹುಳಿ ಹಾಕಿ ಬೇಯಿಸ...”

“ಪಂಡಿತನಿಗೇ ಪಾಠವೇ? ಎಲೆ ದೊಡ್ಡದಾದಷ್ಟೂ ಗುಣ ದೊಡ್ಡದು!” ನರಿ ಕಚಕಚನೆ ಅಗಿದು ನುಂಗಿತು.

ನುಂಗಿದ್ದೇ ತಡ, ನಾಲಿಗೆ ಚುರುಗುಟ್ಟಿತು. ಗಂಟಲಲ್ಲಿ ಕೆಂಜಿರುವೆಗಳ ದಿಬ್ಬಣ ಹೊರಟಿತು. ತುಟಿ ಊದಿ ಬದನೆಕಾಯಿಯಾಯಿತು. ‘ಗಂಟಲು ಕೆರೆಯುತ್ತಿದೆ’ ಎನ್ನಲು ಹೋದರೆ ಅರ್ಧ ಮಾತೇ ಹೊರಬಂತು: “ಕೆರೆ... ಕೆರೆ... ಕೆರೆ...!”

ನೀರಿನಿಂದ ಕಪ್ಪೆ ಇಣುಕಿತು. “ಗೊತ್ತಾಯ್ತು ಬಿಡಣ್ಣ, ಕೆರೆ ನಿಂದೇ! ಕೆರೆ, ಕೆರೆ, ಚೆನ್ನಾಗಿ ಕೆರೆ!”

ಕಾಡೆಲ್ಲ ನಕ್ಕ ರಭಸಕ್ಕೆ ಹಣ್ಣಾಗದ ನೇರಳೆಯೂ ಉದುರಿತು. ನರಿ ಗಂಟಲು ಕೆರೆದುಕೊಳ್ಳುತ್ತಲೇ ಪರಾರಿಯಾಯಿತು.

ಮೊಲ ಮಡಿಲ ತುಂಬ ಸೊಪ್ಪು ಕಿತ್ತು ಮನೆಗೆ ಓಡಿತು. ಹುಳಿ ಹಾಕಿ ಕೆಸುವನ್ನು ಮೆತ್ತಗೆ ಬೇಯಿಸಿತು. ಮರಿ ಬಟ್ಟಲು ನೆಕ್ಕಿ ಒಂದು ನೆಗೆತ ನೆಗೆಯಿತು ನೋಡಿ! ಚಂದ್ರನಲ್ಲಿ ಮೊಲ ಕಾಣುತ್ತದಲ್ಲ, ಮತ್ತೆ ಅದು ಯಾರೆಂದುಕೊಂಡಿರಿ?

ನೀತಿ: ಕೆಸರಲ್ಲಿ ಬೆಳೆದಿದೆಯೆಂದು ಸೊಪ್ಪನ್ನು ಹಳಿಯಬೇಡಿ; ಗುರುತು, ಬೆಳೆದ ಜಾಗ, ಬೇಯಿಸುವ ಬಗೆ ತಿಳಿಯದೆ ಬಾಯಿಗೂ ಇಡಬೇಡಿ. ಅರಿತವರ ಮಾತು ಕೇಳದ ಜಂಬಕ್ಕೆ ತುರಿಕೆಯೇ ಮದ್ದು.