ತುದಿ ಸೀಳೋದು ಮರೆತ ನಡುಪಟ್ಟಿ

"ಕೇಳ್ರಪ್ಪೋ ಕೇಳ್ರಿ! ಕುದುರೆಕಲ್ಲಿನ ದೊರೆ ಕೆಂಚರಾಯರ ಅಪ್ಪಣೆ! ರಾಜಕುಮಾರಿ ನೀಲಾಂಬೆಯವರು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವನಿಗೆ ಮಗಳನ್ನು ಕೊಟ್ಟು ಮದುವೆ! ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತೆ! ಒಂದಕ್ಕೆ ಬಾಯಿಬಿಟ್ಟವನು ಮೂರಕ್ಕೂ ಹೇಳಲೇಬೇಕು, ನಡುವೆ ಎದ್ದು ಹೋಗೋ ಹಾಗಿಲ್ಲ!"

ಹೀಗೆ ಡಂಗುರ ಸಾರಿದ್ದೇ ತಡ, ಮೀಸೆ ಇದ್ದವರೆಲ್ಲ ಅದಕ್ಕೆ ಎಣ್ಣೆ ಹಚ್ಚಿಕೊಂಡು ಅರಮನೆಗೆ ಹೊರಟರು.

ನಮ್ಮ ಹುಲಿಗನೂ ಹೊರಟ. ಮದುವೆಗಲ್ಲ, ಬಾಗಿಲು ಕಾಯೋನ ಚಪ್ಪಲಿಯ ಬಾರು ಕಿತ್ತಿತ್ತು, ಅದನ್ನು ಹೊಲಿಯೋಕೆ. ಅವನು ಚಮ್ಮಾರ ಗಾಳೆವ್ವನ ಮಗ. ತೊಗಲ ಬಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಎರಡು ಕೈಯಲ್ಲೂ ಹೆಣೆಯೋದು ಅವರ ಮನೆ ರೂಢಿ. ಹಾಗೆ ಎಳೆದೂ ಎಳೆದೂ ಹುಲಿಗನ ಮುಂದಿನ ಹಲ್ಲೊಂದು ಬಿದ್ದೇ ಹೋಗಿತ್ತು. ನಕ್ಕರೆ ಬಾಯಲ್ಲಿ ಕಿಟಕಿ ತೆಗೆದ ಹಾಗೆ ಕಾಣೋದು.

ಸಭೆಯ ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದಾಗ ಒಳಗೆ ರಾಜಕುಮಾರಿಯ ದನಿ ಕೇಳಿತು. "ಬದುಕಿದ್ದಾಗ ತಾನು ನೀರಿಗೆ ಹೋಯಿತು. ಸತ್ತ ಮೇಲೆ ಊರಿಗೇ ನೀರು ತಂದಿತು. ಯಾವುದದು?"

ಹಿರೇಗುಡ್ಡದ ಯುವರಾಜ ಎದೆ ಉಬ್ಬಿಸಿ, "ಮೋಡ!" ಅಂದ.

"ಮೋಡ ಯಾವಾಗ ಸತ್ತಿತ್ತು ರಾಯರೇ?" ಅಂದಳು ಅವಳು. ಕಾವಲಿನವರು ಅವನ ಕೈ ಕಟ್ಟಿದರು.

ಶೆಟ್ಟರ ಮಗ ಎದ್ದ. "ನಮ್ಮಪ್ಪ! ಬದುಕಿದ್ದಾಗ ದಿನಾ ಕೆರೆಗೆ ಹೋಗ್ತಿದ್ದರು. ಸತ್ತ ಮೇಲೆ ಅವರ ಹೆಸರಲ್ಲಿ ಅರವಟ್ಟಿಗೆ ಇಟ್ಟಿದ್ದೀವಿ!"

ಅವನ ಕೈಯನ್ನೂ ಕಟ್ಟಿದರು. ಬಾಗಿಲಲ್ಲಿದ್ದ ಹುಲಿಗನಿಗೆ ನಗು ತಡೆಯಲಿಲ್ಲ. "ಶೆಟ್ರಪ್ಪ ಅಲ್ಲ ಬುದ್ಧಿ, ಎಮ್ಮೆ! ಎಮ್ಮೆ ತೊಗಲಿನ ಬಾನಿ. ಬಾವಿಯಿಂದ ನೀರೆತ್ತೋಲ್ವೇ ಅದರಲ್ಲಿ!" ಅಂದುಬಿಟ್ಟ.

ಸಭೆಯೆಲ್ಲ ಬಾಗಿಲ ಕಡೆ ತಿರುಗಿತು. "ಸರಿ ಉತ್ತರ," ಅಂದಳು ನೀಲಾಂಬೆ. "ಒಳಗೆ ಬಾ. ಇನ್ನೆರಡಿವೆ."

"ಅಯ್ಯೋ ಅಮ್ಮಾವ್ರೆ, ನಾನು ಚಪ್ಪಲಿಗೆ ಬಂದೋನು!"

"ಬಾಯಿಬಿಟ್ಟೆಯಲ್ಲ," ಅಂದರು ದೊರೆ. "ಇನ್ನು ಗೆಲ್ಲಬೇಕು, ಇಲ್ಲ ತಲೆ ಕೊಡಬೇಕು."

ನೋಡಿ ಮಕ್ಕಳಾ, ಒಂದು ನಗು ಅವನನ್ನು ಎಲ್ಲಿಗೆ ತಂದಿತು! ಹುಲಿಗ ಒಳಗೆ ಬಂದ. ಎರಡನೇ ಒಗಟು ಬಂತು. "ಮುಂದೆ ಹೋದವನು ಬಾಗಿಲು ತೆಗೆದ, ತಿರುಗಿ ಬಂದುಬಿಟ್ಟ. ಹಿಂದೆ ಹೋದವಳು ಆ ಮನೆ ಬಿಡಲೇ ಇಲ್ಲ. ಯಾರವರು?"

ಹುಲಿಗ ಯೋಚಿಸುತ್ತಿದ್ದರೆ, ಚಮ್ಮಾರನಿಗಿಂತ ತಾನೇನು ಕಡಿಮೆ ಅಂತ ದಳವಾಯಿ ನುಗ್ಗಿದ. "ಮುಂದೆ ಹೋದವನು ಮದುವೆ ದಲ್ಲಾಳಿ! ಹಿಂದೆ ಹೋದವಳು ನನ್ನ ಹೆಂಡತಿ! ಇಪ್ಪತ್ತು ವರ್ಷವಾಯ್ತು, ಬಿಟ್ಟಿಲ್ಲ!"

ದೊರೆಗೂ ನಗು ಬಂತು. ಆದರೂ ದಳವಾಯಿಯ ಕೈ ಕಟ್ಟಿಸಿದರು. ಹುಲಿಗ ಹಣೆ ಒರೆಸಿಕೊಳ್ಳಲು ಕೈ ಎತ್ತಿದ. ಕೈಯಲ್ಲಿ ಇನ್ನೂ ಚಪ್ಪಲಿ ಹಾಗೇ ಇತ್ತು! ಅದನ್ನು ನೋಡಿ ಮುಖ ಅರಳಿತು. "ಮುಂದೆ ಹೋಗೋದು ತೂತು ಹಾಕೋ ಉಳಿ ಅಮ್ಮಾವ್ರೆ. ಹಿಂದೆ ಹೋಗಿ ಅಲ್ಲೇ ನಿಲ್ಲೋದು ಬಾರು."

"ಹೌದು," ಅಂದಳು. ಆಮೇಲೆ ತನ್ನ ನಡುವಿಂದ ಒಂದು ತೊಗಲ ಪಟ್ಟಿ ಬಿಚ್ಚಿ ಎತ್ತಿ ಹಿಡಿದಳು. "ಇದನ್ನು ಸಂತೆಯಲ್ಲಿ ಕೊಂಡೆ. ಒಂದೇ ತುಂಡು ತೊಗಲು. ಆ ತುದಿಯೂ ಸೀಳಿಲ್ಲ, ಈ ತುದಿಯೂ ಸೀಳಿಲ್ಲ. ಹೊಲಿದಿಲ್ಲ, ಅಂಟಿಸಿಲ್ಲ. ನಡುವೆ ಮಾತ್ರ ಮೂರೆಳೆ ಜಡೆ. ತುದಿ ಬಿಡಿಸದೆ ಜಡೆ ಹೆಣೆದದ್ದು ಹೇಗೆ? ಕುದುರೆ ಲಾಯದಲ್ಲಿ ಕೂತು ಎಷ್ಟು ಬಾರು ಹಾಳು ಮಾಡಿದೆನೋ! ಇದರ ಉತ್ತರ ನನಗೂ ಗೊತ್ತಿಲ್ಲ. ನನ್ನೆದುರು ಹೆಣೆದು ತೋರಿಸು."

ಪಟ್ಟಿ ನೋಡಿದ್ದೇ ಹುಲಿಗನ ಮುಖ ಬಿಳಿಚಿಕೊಂಡಿತು. "ಒಂದು ಚೆಂಬು ನೀರು ಕೊಡಿ," ಅಂದ.

"ಸಾಯೋ ಮುಂಚೆ ಬಾಯಾರ್ತಿದೆ ಪಾಪ," ಅಂದ ದಳವಾಯಿ, ಕಟ್ಟಿದ ಕೈಯಲ್ಲೇ.

ಹುಲಿಗ ನೀರು ಕುಡಿಯಲಿಲ್ಲ. ಚೀಲದಿಂದ ಒಂದು ಪಟ್ಟಿ ತೆಗೆದು, ನಡುವೆ ಎರಡು ಸೀಳು ಹಾಕಿ, ಚೆಂಬಿನಲ್ಲಿ ನೆನೆಹಾಕಿದ. ತೊಗಲು ಮೆತ್ತಗಾಗೋ ತನಕ ಕಾದ. ಆಮೇಲೆ ಒಂದು ತುದಿ ಕಚ್ಚಿ ಹೆಣೆಯತೊಡಗಿದ. ಮೇಲೆ ಜಡೆ ಬಿದ್ದಷ್ಟೂ ಕೆಳಗೆ ಸಿಕ್ಕಾಯಿತು.

"ಅಲ್ಲೇ ನಾನೂ ಸೋತಿದ್ದು!" ಅಂತ ನೀಲಾಂಬೆ ಸಿಂಹಾಸನದ ಮೆಟ್ಟಿಲಿಳಿದು ಓಡಿಬಂದಳು.

ಹುಲಿಗ ಕೆಳಗಿನ ತುದಿಯನ್ನೇ ಹಿಡಿದು ಎಳೆಗಳ ಸಂದಿಯಲ್ಲಿ ತೂರಿಸಿ ಎಳೆದ. ಸಿಕ್ಕು ತಾನಾಗಿ ಬಿಚ್ಚಿಕೊಂಡಿತು! ಮತ್ತೆ ಹೆಣೆದ, ಮತ್ತೆ ತೂರಿಸಿದ. ಜಡೆ ತುಂಬಿತು.

"ಯಾರು ಕಲಿಸಿದರು ನಿನಗೆ?"

"ಯಾರೂ ಇಲ್ಲ. ಒಂದು ದಿನ ಹಾಡು ಹೇಳ್ತಾ ತುದಿ ಸೀಳೋದೇ ಮರೆತೆ. ನಮ್ಮವ್ವ ಬೈತಾಳೆ ಅಂತ ಹೆದರಿ ಹೀಗೆ ಮಾಡಿದೆ. ನಿಮ್ಮ ಕೈಲಿರೋ ಪಟ್ಟಿ ಅದೇ ಅಮ್ಮಾವ್ರೆ, ನನ್ನ ತಪ್ಪು ಹಿಡಿದ್ರಿ ಅಂತಲೇ ಹೆದರಿದ್ದೆ."

ಅವಳು ತನ್ನ ಪಟ್ಟಿಯ ತುದಿ ನೋಡಿದಳು. ಅಲ್ಲಿ ಹಲ್ಲಿನ ಗುರುತು, ನಡುವೆ ಒಂದು ಹಲ್ಲಿನ ಜಾಗ ಖಾಲಿ. ಹುಲಿಗನ ಬಾಯಿ ನೋಡಿದಳು. ನಕ್ಕಳು ನೋಡಿ, ಆ ನಗುವಿಗೆ ಲಾಯದ ಕುದುರೆಗಳೂ ಕೆನೆದವಂತೆ!

ದೊರೆ ಗಂಟಲು ಕೆರೆದುಕೊಂಡು, "ಅಲ್ಲಮ್ಮಾ, ಅಳಿಯ..." ಅಂದರು.

"ಡಂಗುರ ಸಾರಿಸಿದ್ದು ನೀವೇ ಅಪ್ಪಾಜಿ."

ಹುಲಿಗ ಮೊದಲು ಕೇಳಿದ್ದು ಕೈಕಟ್ಟಿದ ಮೂವರ ಪ್ರಾಣವನ್ನು. ದೊರೆ ಕೊಟ್ಟರು. ಆದರೆ ಒಬ್ಬೊಬ್ಬರೂ ಒಂದು ಜೋಡಿ ಚಪ್ಪಲಿ ಹೊಲಿದು ಹೋಗಬೇಕು ಅಂತ ಕಟ್ಟುಮಾಡಿದರು. ತಲೆ ಉಳಿಯಿತು, ಬೆರಳಿಗೆಲ್ಲ ಉಳಿ ಚುಚ್ಚಿತು.

ಮದುವೆಗೆ ಗಾಳೆವ್ವನನ್ನು ಪಲ್ಲಕ್ಕಿಯಲ್ಲಿ ಕರೆಸಿದರು. ಅವಳು ಇಳಿದವಳೇ ರಾಜಕುಮಾರಿಯ ನಡು ನೋಡಿ, "ಅಯ್ಯೋ, ಇದಕ್ಕೇ ಅಲ್ವೇನೋ ನಿನ್ನ ತಲೆಗೆ ಮೊಟಕಿದ್ದು!" ಅಂದಳು. ಆಮೇಲೆ ಸೊಸೆಯ ಕೈ ಹಿಡಿದು, "ತಾಯಿ, ತುದಿ ಸೀಳೋದು ಮರೀಬೇಡ ಅಂತ ಇವನಿಗೆ ದಿನಾ ಹೇಳೋರು ಬೇಕು," ಅಂದಳು.

ನೀಲಾಂಬೆ ಅಂದಳು, "ಮರೀಲಿ ಬಿಡಿ ಅತ್ತೆ."

ಅವರ ಬಾಳು ಜಡೆಯಾಯಿತು, ನನ್ನ ಕತೆಗೆ ಗಂಟು ಬಿತ್ತು. ಏಳಿ, ಮುದ್ದೆ ಆರ್ತಿದೆ.