ನಾಲ್ಕನೆಯ ಚರಣ

"ಗುರುಗಳೇ, ಸಭೆ ಬೆಳೆಯುವುದು ಹಳೆಯದನ್ನು ಉಳಿಸಿಕೊಳ್ಳುವುದರಿಂದಲೋ, ಬದಲಿಸುವುದರಿಂದಲೋ?"

ಹೀಗೆ ಕೇಳಿದವನು ಒಬ್ಬ ಕಿರಿಯ ಕ್ರೈಸ್ತ ಸಭಾಪಾಲಕ. ಮೊದಲ ಸಭೆಯನ್ನು ಅವನ ಕೈಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ತನಗೆ ವೇದ ಕಲಿಸಿದ ಗುರುಗಳನ್ನು ಹುಡುಕಿಕೊಂಡು ಬಂದಿದ್ದ. ಮುಖ ಸಣ್ಣದಾಗಿತ್ತು.

"ದೊಡ್ಡ ಪ್ರಶ್ನೆ ಕೇಳುವವನ ಕಾಲಿಗೆ ಎಲ್ಲೋ ಒಂದು ಸಣ್ಣ ಮುಳ್ಳು ಚುಚ್ಚಿರುತ್ತದೆ. ಮೊದಲು ಅದನ್ನು ತೋರಿಸು" ಎಂದರು ಗುರುಗಳು.

ಶಿಷ್ಯ ಹೇಳಿದ. ಅವನ ಸಭೆಯಲ್ಲಿ ನೆಹೆಮಿಯಪ್ಪ ಎಂಬ ಹಿರಿಯರು ಪ್ರತಿ ಭಾನುವಾರ ವೇದಪಾಠ ಓದುತ್ತಾರೆ. ಈಗ ಅವರ ಕಣ್ಣು ಮಂಜಾಗಿದೆ. ಸಾಲು ತಪ್ಪುತ್ತಾರೆ, ಓದಿದ್ದನ್ನೇ ಮತ್ತೆ ಓದುತ್ತಾರೆ. ಕಿರಿಯರು ತಲೆ ಬಗ್ಗಿಸಿ ನಗುತ್ತಾರೆ. ಗೋಡೆಗೆ ಪರದೆ ಹಾಕಿ ವಚನಗಳನ್ನು ದೊಡ್ಡ ಅಕ್ಷರದಲ್ಲಿ ತೋರಿಸೋಣ, ನಾವೇ ಓದುತ್ತೇವೆ ಎನ್ನುತ್ತಾರೆ. ಅವರನ್ನು ಇಳಿಸಿದರೆ ನಾವೂ ದೇವಾಲಯಕ್ಕೆ ಬರುವುದಿಲ್ಲ ಎಂದು ಹಿರಿಯರು ಹಟ ಹಿಡಿದಿದ್ದಾರೆ. ಎರಡು ಕಡೆಯವರೂ ಪಾಲಕನ ಮನೆಗೆ ಬಂದು ಚಹಾ ಕುಡಿದು, ಬೇರೆ ಬೇರೆಯಾಗಿ ಬೆದರಿಸಿ ಹೋಗಿದ್ದಾರೆ.

ಗುರುಗಳು ನಕ್ಕರು. ನಂತರ ಈ ಕತೆ ಹೇಳಿದರು.

ಹತ್ತಿ ಗಿರಣಿಯನ್ನು ನಂಬಿಕೊಂಡಿದ್ದ ಒಂದು ಊರು. ಅಲ್ಲೊಂದು ಸಭೆ. ದೊಡ್ಡದೇನಲ್ಲ, ಗಿರಣಿಯಲ್ಲಿ ದುಡಿಯುವವರು, ಒಂದಿಷ್ಟು ನೇಕಾರರು, ಇಬ್ಬರೋ ಮೂವರೋ ಶಾಲಾ ಮಾಸ್ತರರು. ಆ ಸಭೆಯಲ್ಲಿ ರಾಹೇಲವ್ವ ಎಂಬ ವಿಧವೆ ಇದ್ದಳು. ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ತುಂಡು ಹಂಚಿಕೊಂಡು ತಿನ್ನುವುದು. ಅದಕ್ಕೆ ಬೇಕಾದ ಹುಳಿಯಿಲ್ಲದ ರೊಟ್ಟಿಯನ್ನು ಹಿಂದಿನ ದಿನ ಆಕೆ ತನ್ನ ಮನೆಯಲ್ಲಿ ಮಾಡುತ್ತಿದ್ದಳು. ಆಕೆಗೂ ಮುಂಚೆ ಆಕೆಯ ಅತ್ತೆ ಮಾಡುತ್ತಿದ್ದಳು. ದಪ್ಪನೆಯ ಗೋಧಿ ರೊಟ್ಟಿ, ಚಿಟಿಕೆ ಉಪ್ಪು, ಅಷ್ಟೇ. ಆ ರೊಟ್ಟಿಯ ರುಚಿಯನ್ನೇ ಜನ ಭಕ್ತಿಯ ರುಚಿ ಅಂದುಕೊಂಡು ಬೆಳೆದಿದ್ದರು.

ಒಂದು ತಿಂಗಳು ರೊಟ್ಟಿಯಲ್ಲಿ ಉಪ್ಪು ಹೆಚ್ಚಾಯಿತು. ಯಾರೂ ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಇನ್ನೂ ಹೆಚ್ಚಾಯಿತು. ಆಗಲೂ ಯಾರೂ ಬಾಯಿ ಬಿಡಲಿಲ್ಲ. ಆದರೆ ಆರಾಧನೆ ಮುಗಿದ ಕೂಡಲೇ ಎಲ್ಲರೂ ನಲ್ಲಿಯ ಕಡೆ ನಡೆದರು. ಆ ಊರಿಗೆ ಹೊಸದಾಗಿ ಬಂದಿದ್ದ ಪಾಲಕ ಅದನ್ನು ನೋಡಿದ. ಮಗುವೊಂದು ರೊಟ್ಟಿಯನ್ನು ಉಗುಳಿತು, ತಾಯಿ ಅದರ ಬಾಯಿಗೆ ಸೆರಗು ಒತ್ತಿದಳು. ಅದನ್ನೂ ನೋಡಿದ.

ಹಿರಿಯರ ಮಂಡಳಿ ಕೂಡಿತು. ಮೊದಲು ಮಾತಾಡಿದವರು ಸಮಾಧಾನಪ್ಪ. ಹೆಸರಿಗೂ ಆ ಮನುಷ್ಯರಿಗೂ ಅಷ್ಟಾಗಿ ಪರಿಚಯವಿರಲಿಲ್ಲ.

"ಪ್ಯಾಟ್ಯಾಗ ಬೇಕರಿ ಐತ್ರಿ, ಅಯ್ಯಾರ. ಅಲ್ಲಿಂದ ತರಸೋಣು. ನನಗ ಬಿ.ಪಿ. ಐತಿ. ಕರ್ತನ ಮೇಜಿನ ಮುಂದ ನಿಂತು ನಾ ಎಷ್ಟಂತ ಉಪ್ಪು ತಿನ್ನಲಿ?"

ಉಳಿದವರು ಒಪ್ಪಲಿಲ್ಲ. ಒಬ್ಬರು, "ಹಿರೇ ಜೀವ ನೊಂದ್ಕೋತೈತ್ರಿ. ಆಕೀಗೆ ಏನೂ ಹೇಳೋದು ಬ್ಯಾಡ. ನುಂಗಿ ನೀರು ಕುಡದ್ರಾತು" ಎಂದರು. ಬೇಕರಿಯ ಪಕ್ಷ ಒಂದಾಯಿತು, ನೀರಿನ ಪಕ್ಷ ಇನ್ನೊಂದಾಯಿತು. ನಮ್ಮ ನಂಬಿಕೆ ಉಳಿದದ್ದೇ ಆ ರೊಟ್ಟಿಯಿಂದ ಎಂದು ಒಬ್ಬರು ಕೂಗಿದರು. ಮಕ್ಕಳು ಉಗುಳುವ ರೊಟ್ಟಿಯಿಂದ ಯಾವ ನಂಬಿಕೆ ಉಳಿಯುತ್ತದೆ ಎಂದು ಸಮಾಧಾನಪ್ಪ ತಿರುಗಿ ಕೂಗಿದರು. ಹೀಗೇ ಬಿಟ್ಟರೆ ಸಭೆ ಎರಡಾಗುವುದು ಖಂಡಿತ ಎಂದು ಪಾಲಕನಿಗೆ ಅನಿಸಿತು. ತಾನೇ ಹೋಗಿ ಆಕೆಗೆ ಹೇಳುತ್ತೇನೆ, ಇನ್ನು ಮುಂದೆ ರೊಟ್ಟಿ ಮಾಡುವುದು ಬೇಡ ಎನ್ನುತ್ತೇನೆ ಎಂದು ಒಪ್ಪಿಕೊಂಡು ಬಂದ. ಒಪ್ಪಿಕೊಂಡದ್ದಕ್ಕೆ ದಾರಿಯುದ್ದಕ್ಕೂ ಮರುಗಿದ. ಆ ರೊಟ್ಟಿಯ ಹೊರತು ಆ ಮುದುಕಿಗೆ ಬೇರೇನೂ ಇರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಹೊರಟ. ನೇಕಾರ ಓಣಿ, ಬಾವಿಯ ಎದುರಿಗೇ ಬಾಗಿಲು ಎಂದು ಹಿರಿಯರು ಗುರುತು ಹೇಳಿದ್ದರು. ಬಾವಿಯ ಎದುರಿಗೆ ಹೋದರೆ ಬರೀ ಗೋಡೆ. ಪಾಲಕ ಗೋಡೆಯ ಮುಂದೆ ನಿಂತುಕೊಂಡ. ನೀರು ಸೇದುತ್ತಿದ್ದ ಹೆಂಗಸೊಬ್ಬಳು ಅವನನ್ನು ನೋಡಿ, ಬಾಗಿಲು ಹಿಂದಿದೆ ಎಂದಳು. ಗಂಡ ತೀರಿಕೊಂಡ ಮೇಲೆ ರಾಹೇಲವ್ವ ಮನೆಯ ಮುಂದಿನ ಅರ್ಧವನ್ನು ಮಾರಿ, ಹಿಂದಿನ ಗೋಡೆ ಒಡೆಸಿ, ಉತ್ತರಕ್ಕೆ ಬಾಗಿಲು ಇಡಿಸಿಕೊಂಡಿದ್ದಳು; ಕೊಂಡವರು ಮುಂದಿನ ಬಾಗಿಲನ್ನು ಗೋಡೆ ಕಟ್ಟಿ ಮುಚ್ಚಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು; ಬಾಗಿಲು ತಿರುಗಿದ್ದು ಗುರುತು ಹೇಳಿದ ಹಿರಿಯರಿಗೆ ಗೊತ್ತೇ ಇರಲಿಲ್ಲ.

ಪಾಲಕ ಸುತ್ತಿ ಹೋಗಿ ಬಾಗಿಲಲ್ಲಿ ನಿಂತ.

"ಬರ್ರಿ ಅಯ್ಯಾರ, ಕುಂದರ್ರಿ. ಈಟು ಕೆಲಸಾ ಮುಗಸ್ತೀನಿ" ಎಂದಳು ರಾಹೇಲವ್ವ. ಆಕೆಯ ಮುಂದೆ ಪರಾತ, ಅದರಲ್ಲಿ ಹಿಟ್ಟು, ಪಕ್ಕದಲ್ಲಿ ಉಪ್ಪಿನ ಗಡಿಗೆ. ಆಕೆ ಹಾಡುತ್ತಿದ್ದಳು. ಅದು ಐದು ಚರಣಗಳ ಒಂದು ಹಳೆಯ ಕೀರ್ತನೆ. ಪಾಲಕ ಕೇಳುತ್ತ ಕುಳಿತ. ಮೊದಲ ಚರಣ ಮುಗಿಯುವ ತನಕ ಆಕೆ ಹಿಟ್ಟನ್ನು ಕೈಯಾಡಿಸಿ ಕಡ್ಡಿ ಕಲ್ಲು ಆರಿಸಿದಳು. ಎರಡನೆಯ ಚರಣಕ್ಕೆ ಬೆಚ್ಚನೆಯ ನೀರು ಬಿಟ್ಟಳು. ಮೂರನೆಯದಕ್ಕೆ ಉಪ್ಪು. ನಾಲ್ಕನೆಯದಕ್ಕೆ ಕಣಕ ನಾದಲು ತೊಡಗಿದಳು. ಆಗ ಅವನಿಗೆ ತಿಳಿಯಿತು. ಓದು ಬಾರದ ಆ ಹೆಂಗಸಿಗೆ ಅತ್ತೆ ರೊಟ್ಟಿ ಕಲಿಸಿದ್ದೇ ಹಾಗೆ. ಹಾಡೇ ಅಳತೆ, ಹಾಡೇ ಗಡಿಯಾರ.

ನಾಲ್ಕನೆಯ ಚರಣದ ಎರಡು ಪದ ಹೇಳಿ ಆಕೆ ನಿಂತಳು. ಮುಂದಿನದು ನೆನಪಾಗಲಿಲ್ಲ. ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿಸಿದಳು. ಆಗಲಿಲ್ಲ. ದಾರಿ ತಪ್ಪಿದವರು ಊರ ಅಗಸೆಬಾಗಿಲಿಗೆ ಮರಳಿ ಬಂದು ಮತ್ತೆ ಹೊರಡುವ ಹಾಗೆ, ಮೊದಲ ಚರಣಕ್ಕೆ ಹಿಂತಿರುಗಿದಳು. ಎರಡನೆಯದಕ್ಕೆ ಒಂದು ಗುಟುಕು ನೀರು. ಮೂರನೆಯದಕ್ಕೆ ಮತ್ತೆ ಉಪ್ಪು.

ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಪಾಲಕ ಅಲ್ಲೇ ಕೈಬಿಟ್ಟ. ಸಭೆ ಈ ಎರಡು ತಿಂಗಳು ಯಾವುದನ್ನು ತಪ್ಪು ಎಂದು ನುಂಗುತ್ತಿತ್ತೋ ಅದು ಎರಡೆರಡು ಸಲ ಹಾಡಿದ ಹಾಡಾಗಿತ್ತು. ರಾಹೇಲವ್ವ ಮತ್ತೆ ನಾಲ್ಕನೆಯ ಚರಣಕ್ಕೆ ಬಂದು, ಮತ್ತೆ ಅಲ್ಲಿಯೇ ನಿಂತಳು. ಪಾಲಕ ಆ ಚರಣವನ್ನು ನೆನೆಯಲು ನೋಡಿದ. ಅವನಿಗೂ ಬರಲಿಲ್ಲ. ಬರುವುದಾದರೂ ಹೇಗೆ? ಆರಾಧನೆ ಉದ್ದವಾಗುತ್ತದೆ ಎಂದು ಸಭೆಗಳಲ್ಲಿ ಮೊದಲಿನ ಎರಡು ಚರಣ ಹಾಡಿ ಕೊನೆಯದಕ್ಕೆ ಹಾರುವುದು ವಾಡಿಕೆ. ಅವನು ಚೀಲದಿಂದ ಕೀರ್ತನೆಯ ಪುಸ್ತಕ ತೆಗೆದು, ಹಾಳೆ ಹುಡುಕಿ, ಆ ಪದವನ್ನು ಎತ್ತಿ ಹಾಡಿದ. ರಾಹೇಲವ್ವ ತಲೆ ಎತ್ತಲಿಲ್ಲ. ಬಿದ್ದ ಸೌಟನ್ನು ಯಾರೋ ಎತ್ತಿ ಕೊಟ್ಟಂತೆ ತಲೆದೂಗಿ, ಹಾಡನ್ನು ಅವನ ಬಾಯಿಂದ ತೆಗೆದುಕೊಂಡಳು. ಇಬ್ಬರೂ ಕೊನೆಯವರೆಗೆ ಹಾಡಿದರು. ಐದನೆಯ ಚರಣಕ್ಕೆ ಆಕೆ ಕಣಕದ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಅಯ್ಯಾರ, ಹೋದ ತಿಂಗಳು ಉಪ್ಪು ಹೆಚ್ಚಾಗಿತ್ತೇನ್ರಿ?"

ಪಾಲಕನಿಗೆ ಸುಳ್ಳು ಹೇಳಲಾಗಲಿಲ್ಲ. "ಹೌದವ್ವಾ, ಹೆಚ್ಚಾಗಿತ್ತು."

"ನನಗೂ ಹಂಗ ಅನಿಸಿತ್ರಿ. ಯಾರೂ ಏನೂ ಅನ್ನಲಿಲ್ಲ. ಮಂದಿಗೆ ಸರಿ ಐತಿ, ನನ್ನ ನಾಲಿಗೀನ ಕೆಟ್ಟೈತಿ ಅಂದ್ಕೊಂಡು ಸುಮ್ಮನಾದ್ನಿ."

ನೋಡು, ಬೇಕರಿಯ ಪಕ್ಷದವರು ಆಕೆಯ ಕೈಯಿಂದ ರೊಟ್ಟಿ ಕಸಿಯಲು ಹೊರಟಿದ್ದರು. ನೀರು ಕುಡಿಯುವ ಪಕ್ಷದವರು ಕನಿಕರದಿಂದಲೇ ಆಕೆಯ ನಾಲಿಗೆಯನ್ನು ಕಸಿದುಕೊಂಡಿದ್ದರು. ಯಾವುದು ಹೆಚ್ಚಿನ ನೋವು ಎಂದು ನನ್ನನ್ನು ಕೇಳಬೇಡ. ನನಗೆ ಇಂದಿಗೂ ಗೊತ್ತಾಗಿಲ್ಲ.

ಆ ಕಣಕವನ್ನು ಹಾಗೇ ಬಿಡುವಂತಿರಲಿಲ್ಲ. ಉಪ್ಪಿಲ್ಲದ ಹಿಟ್ಟು ಬೆರೆಸಿ ಇಬ್ಬರೂ ಮತ್ತೊಮ್ಮೆ ನಾದಿದರು. ಆ ಭಾನುವಾರ ಯಾರೂ ನಲ್ಲಿಯ ಕಡೆ ಹೋಗಲಿಲ್ಲ. ಪಾಲಕ ಅದರ ಮೇಲೆ ಉಪದೇಶ ಮಾಡಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಕೊನೆಯಲ್ಲಿ ಒಂದು ಪ್ರಕಟಣೆ ಓದಿದ. ರಾಹೇಲವ್ವನ ಜೊತೆ ಕುಳಿತು ಹಾಡುವವರು ಬೇಕಾಗಿದ್ದಾರೆ, ಆ ಕೀರ್ತನೆಯ ನಾಲ್ಕನೆಯ ಚರಣ ಬಲ್ಲವರು ಕೈ ಎತ್ತಬೇಕು ಎಂದ.

ಸಭೆಯಲ್ಲಿ ಒಂದು ಕೈಯೂ ಮೇಲೆ ಬರಲಿಲ್ಲ. ಹಳೆಯದು ಉಳಿಯಬೇಕು ಎಂದು ಕೂಗಿದವರು ನೆಲ ನೋಡಿದರು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಕೈ ಅರ್ಧ ಎದ್ದಿತು. ಸಮಾಧಾನಪ್ಪನವರದು. ಅವರ ತಾಯಿ ಅದನ್ನು ತೊಟ್ಟಿಲ ಪಕ್ಕದಲ್ಲಿ ಹಾಡುತ್ತಿದ್ದಳಂತೆ.

ಮುಂದಿನ ಸಲ ಸಮಾಧಾನಪ್ಪ ಹೋದರು. ಅವರೂ ಮೊದಲು ಬಾವಿಯ ಎದುರಿನ ಗೋಡೆಗೇ ಹೋಗಿ ನಿಂತರು. ಬಾಗಿಲು ಸಿಕ್ಕಿದ ಮೇಲೆ ಒಳಗೆ ಬರಲು ನಾಚಿ ಹೊಸ್ತಿಲಲ್ಲೇ ನಿಂತು ಹಾಡಿದರು. ರಾಹೇಲವ್ವ ಎದ್ದು ಹೋಗಿ ಒಂದು ಮುದ್ದೆ ಕಣಕವನ್ನು ಅವರ ಕೈಗೆ ಇಟ್ಟಳು. ಹಿಡಿದುಕೊಂಡು ನಿಲ್ಲಲಾಗುತ್ತದೆಯೇ? ಕುಳಿತು ನಾದಿದರು. ಅದರ ಮುಂದಿನ ತಿಂಗಳು ಇನ್ನಿಬ್ಬರು ಬಂದರು. ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ಆಕೆ ಬೆಲ್ಲ ಹಾಕಿ ಹಂಚುತ್ತಾಳೆ ಎಂದು ಸುದ್ದಿಯಾದ ಮೇಲೆ ಕಿರಿಯರೂ ಬಂದರು. ಬೆಲ್ಲಕ್ಕೆ ಬಂದವರು ಹಾಡು ಕಲಿತು ಹೋದರು. ಕರ್ತನೂ ಜನರನ್ನು ಕರೆದದ್ದು ಹೆಚ್ಚಾಗಿ ಊಟಕ್ಕೇ ಅಲ್ಲವೇ.

ರಾಹೇಲವ್ವನ ಮರೆವು ಮಾತ್ರ ನಿಲ್ಲಲಿಲ್ಲ. ಮೂರನೆಯ ಚರಣ ಹೋಯಿತು, ಎರಡನೆಯದು ಹೋಯಿತು. ಒಂದು ದಿನ ಇಡೀ ಹಾಡು ಹೋಯಿತು. ಆದರೂ ಸುತ್ತ ಕುಳಿತವರು ಹಾಡಿದರೆ ಆಕೆಯ ಕೈ ತಾನಾಗಿ ನಾದುತ್ತಿತ್ತು. ಆಮೇಲೆ ಕೈಯೂ ಮರೆಯಿತು. ಆಗ ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಆಕೆಯ ಮುಂದೆಯೇ ಅವರು ನಾದಿದರು.

ಅದೇ ಹೊತ್ತಿಗೆ ಗಿರಣಿ ಮುಚ್ಚಿತು. ಒಂದೊಂದೇ ಮನೆ ಖಾಲಿಯಾಯಿತು. ದೇವಾಲಯದ ಬೆಂಚುಗಳು ಬರಿದಾದವು. ಈ ಸಭೆಯ ಕತೆ ಮುಗಿಯಿತು ಎಂದು ಊರು ಮಾತಾಡಿಕೊಂಡಿತು. ಪಾಲಕನಿಗೂ ಅದೇ ಭಯವಿತ್ತು. ಆದರೆ ಹೋದವರು ಬರಿಗೈಯಲ್ಲಿ ಹೋಗಲಿಲ್ಲ. ದೇವಾಲಯವಿಲ್ಲದ ಊರುಗಳಲ್ಲಿ, ಬಾಡಿಗೆಯ ಖೋಲಿಗಳಲ್ಲಿ ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಹಿಟ್ಟು ಕಲಸಿ ಐದೂ ಚರಣ ಹಾಡಿದರು. ನೆರೆಯವರು ಏನದು ಎಂದು ಬಾಗಿಲಿಗೆ ಬಂದು ನಿಂತರು. ಅವರ ಕೈಗೂ ಒಂದು ಮುದ್ದೆ ಕಣಕ ಇಟ್ಟರು. ಸುತ್ತಲಿನ ಎಷ್ಟೋ ಸಣ್ಣ ಸಭೆಗಳು ಹುಟ್ಟಿದ್ದು ಹಾಗೆ.

ರಾಹೇಲವ್ವ ಕೊನೆಯ ಸಲ ಕರ್ತನ ಭೋಜನಕ್ಕೆ ಬಂದ ದಿನ ಆಕೆಗೆ ಯಾರ ಗುರುತೂ ಇರಲಿಲ್ಲ. ಸಮಾಧಾನಪ್ಪ ತೋಳು ಹಿಡಿದು ಕರೆತಂದು ಪಕ್ಕದಲ್ಲಿ ಕೂತಿದ್ದರು. ಪಾಲಕ ರೊಟ್ಟಿಯ ತುಂಡನ್ನು ಆಕೆಯ ಅಂಗೈಗೆ ಇಟ್ಟ. ಆಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಎಲ್ಲರಿಗೂ ಕೇಳುವಂತೆ ಕೇಳಿದಳು:

"ಯಾರ ಮಾಡ್ಯಾರ ಈ ರೊಟ್ಟಿ? ನಮ್ಮ ಅತ್ತಿ ಮಾಡಿದಂಗ ಐತಿ."

ಆ ತಿಂಗಳ ರೊಟ್ಟಿ ಮಾಡಿದವರು ಸಮಾಧಾನಪ್ಪ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನೀವ ಮಾಡೀರಿ, ಎವ್ವಾ" ಎಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಕತೆ ಹಿಡಿಸಿತ್ತು, ಆದರೆ ಊರಿಗೆ ಮರಳಿದರೆ ಎರಡೂ ಪಕ್ಷದವರು ಚಹಾಕ್ಕೆ ಕಾದಿರುತ್ತಾರೆ ಎಂಬ ಚಿಂತೆ ಹೋಗಿರಲಿಲ್ಲ. ಕೇಳಿದ: "ಹಾಗಾದರೆ ಗುರುಗಳೇ, ನಾನೀಗ ಏನು ಮಾಡಲಿ? ನೆಹೆಮಿಯಪ್ಪನವರನ್ನೇ ಓದಿಸಲೋ, ಪರದೆ ಹಾಕಿಸಲೋ?"

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ನೆಹೆಮಿಯಪ್ಪನ ಮನೆಯ ಬಾಗಿಲು ಯಾವ ದಿಕ್ಕಿಗಿದೆ, ಮಗು?"